ಗದುಗಿನ ಶ್ರೀ ಸುನೀಲ ಜೋಶಿಯವರ ಕ್ರಿಕೆಟ್ ಜೀವನ

ಗದಗ-ಬೆಟಗೇರಿಯ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವದು ಕುಮಾರವ್ಯಾಸನ ಭಾರತ, ವೀರನಾರಾಯಣನ ಗುಡಿ, ವೀರೇಶ್ವರ ಪುಣ್ಯಾಶ್ರಮದ ಸಂಗೀತ, ಬೆಟಗೇರಿಯ ಮಗ್ಗಗಳ ಸಪ್ಪಳ ಮತ್ತು ಗದುಗಿನ ಛಾಪಖಾನೆಗಳು. ಈ ಮಾಲಿಕೆಗೆ ಕಳೆದ ಶತಮಾನದ ಕೊನೆಯ ದಶಕದಲ್ಲಿ ಆಟಗಾರರೊಬ್ಬರ ಹೆಸರೂ ಬಂದು ಸೇರಿತು. ೧೯೭೦ನೆಯ ಇಸವಿಯ ಜೂನ್ ೬ನೆಯ ತಾರೀಖಿಗೆ ಗದುಗಿನಲ್ಲಿ ಜನಿಸಿದ ಶ್ರೀ ಸುನೀಲ ಬಂಡಾಚಾರ್ಯ ಜೋಶಿಯವರು ಭಾರತದ ಪರವಾಗಿ ೧೫ ಟೆಸ್ಟ್ ಪಂದ್ಯಗಳನ್ನೂ ೬೯ ಏಕದಿನ ಪಂದ್ಯಗಳನ್ನೂ ಆಡಿ ಈ ಊರಿನ ಹೆಸರನ್ನು ಸಮುದ್ರದಾಚೆಗೂ ಮುಟ್ಟಿಸಿದರು.

ಹೆಣ್ಣುಮಕ್ಕಳ ಶಾಲೆಯ ಸ್ಮರಣಸಂಚಿಕೆಯಲ್ಲಿ ಕ್ರಿಕೆಟ್ಟಿನ ಮಾತೇಕೆಂದು ಕೆಲವು ಪಾಲಕರು ಕೇಳಬಹುದು. ಅದಕ್ಕೆ ನಮ್ಮ ಉತ್ತರವಿಷ್ಟು. ದೊಡ್ಡ ಪಟ್ಟಣದ ಅನುಕೂಲತೆಗಳಿಲ್ಲದ ಊರಿನಲ್ಲಿ ಹುಟ್ಟಿದ ಮಗುವಿಗೆ ಒಂದು ವಿದ್ಯೆಯ ಮೇಲೆ ಮನಸ್ಸು ನೆಟ್ಟರೆ ಆ ಮಗುವು ಎಷ್ಟು ದೂರ ಹೋಗಬಲ್ಲುದು, ಅದಕ್ಕಾಗಿ ಮನೆಯವರು ಏನೇನನ್ನು ಸಹಿಸಬೇಕಾಗುವದು, ಕೊನೆಗೆ ದೊರೆಯುವ ಫಲದ ಸ್ವರೂಪವೇನು ಎಂಬ ಪ್ರಶ್ನೆಗಳು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಮಕ್ಕಳನ್ನು ವಿದ್ಯೆಗಾಗಿ ಹೊರಗೆ ಕಳಿಸುವ ಪ್ರತಿಯೊಂದು ಮನೆಯ ಪ್ರಶ್ನೆಗಳೇ ಆಗಿವೆ. ಶ್ರೀ ಜೋಶಿಯವರ ಜೀವನವು ಈ ಪ್ರಶ್ನೆಗಳಿಗೆ ಒಂದು ಪ್ರಾಮಾಣಿಕವಾದ ಉತ್ತರವನ್ನು ಕೊಡುತ್ತದೆಂದು ನಾವು ನಂಬುತ್ತೇವೆ. ಆಟದ ಪರಿಚಯವಿಲ್ಲದ ತಾಯಂದಿರಿಗೂ ತಿಳಿಯುವಂತೆ ಅದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಅವರು ಹುಟ್ಟಿದಾಗ ಗದಗವು ಧಾರವಾಡ ಜಿಲ್ಲೆಯ ಒಂದು ತಾಲೂಕಾ ಸ್ಥಳವಾಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಮನಬಂದಂತೆ ಚೆಂಡು-ದಾಂಡು ಆಡಲು ಯಾವ ಊರಲ್ಲಿಯೂ ಬಯಲಿಗೆ ಕೊರತೆಯಿಲ್ಲ. ಆದರೆ ವಿದ್ಯೆಯೆಂದು ಆಡಬೇಕಾದರೆ ಹದಗೊಳಿಸಿದ ಪಿಚ್ಚು ಬೇಕು, ತಿದ್ದುವ ಹಿರಿಯರು ಬೇಕು, ತನಗಿಂತ ಚೆನ್ನಾಗಿ ಆಡುವ ಎದುರಾಳಿಗಳು ಬೇಕು. ಇವುಗಳನ್ನು ಅರಸಿ ಬಾಲಕ ಸುನೀಲನು ಬೆಳಗಿನ ಜಾವದಲ್ಲಿ ಗದುಗನ್ನು ಬಿಟ್ಟು ಹುಬ್ಬಳ್ಳಿಗೆ ಹೋಗಿ, ಅಲ್ಲಿ ತಾಲೀಮು ಮುಗಿಸಿ, ಶಾಲೆಯ ವೇಳೆಗೆ ಮತ್ತೆ ಊರಿಗೆ ಮರಳುತ್ತಿದ್ದ ಸಂಗತಿಯು ಸರ್ವವಿದಿತವಾಗಿದೆ. ಗದುಗಿನಿಂದ ಹುಬ್ಬಳ್ಳಿಗೆ ಸುಮಾರು ೬೦ ಕಿಲೋಮೀಟರು. ಹೋಗಿ ಬರುವದೆಂದರೆ ೧೨೦ ಕಿಲೋಮೀಟರಿನ ಪಯಣ. ಅದೂ ಶಾಲೆಯ ಗಂಟೆ ಬಾರಿಸುವ ಮೊದಲು. ಈ ಮಾತಿನಲ್ಲಿ ವಾಚಕರು ಗಮನಿಸಬೇಕಾದ ಅಂಶವು ಪಯಣದ ಉದ್ದವಷ್ಟೇ ಅಲ್ಲ, ಮರಳಿ ಶಾಲೆಗೆ ಬರುವ ನಿಯಮವೂ ಹೌದು. ಆಟಕ್ಕಾಗಿ ಪಾಠವನ್ನು ಬಿಡುವ ಮಾತನ್ನು ಆ ದಿನಚರ್ಯೆಯು ಒಪ್ಪಲಿಲ್ಲ. ನಿದ್ರೆಯನ್ನು ಮಾತ್ರ ಬಿಟ್ಟಿತು.

ಇನ್ನು ಅವರು ಕಲಿತ ವಿದ್ಯೆಯ ಬಗೆಯನ್ನು ತಿಳಿಯೋಣ. ಶ್ರೀ ಜೋಶಿಯವರು ಎಡಗೈಯಿಂದ ಸಾವಕಾಶವಾಗಿ, ಚೆಂಡಿಗೆ ತಿರುವು ಕೊಟ್ಟು ಎಸೆಯುವ ಸ್ಪಿನ್ ಬೌಲರರು. ಇಂಥ ಬೌಲರನು ತೋರುಬೆರಳು ಮತ್ತು ನಡುಬೆರಳುಗಳಿಂದ ಚೆಂಡಿನ ಹೊಲಿಗೆಯನ್ನು ಹಿಡಿದು, ಕೈ ಬಿಡುವಾಗ ಬೆರಳಿನ ಬಲದಿಂದ ಅದನ್ನು ಬುಗುರಿಯಂತೆ ತಿರುಗಿಸುವನು. ಗಾಳಿಯಲ್ಲಿ ಮೇಲೇರಿ ಬರುವ ಆ ಚೆಂಡು ನೆಲಕ್ಕೆ ತಾಗಿದೊಡನೆ, ಬಲಗೈಯಿಂದ ಆಡುವ ದಾಂಡಿಗನ ಕಾಲಿನ ಕಡೆಯಿಂದ ಹೊರಕ್ಕೆ ಹೊರಳಿ ಅವನಿಂದ ದೂರ ಸರಿಯುವದು. ಸರಿಯುವ ಚೆಂಡನ್ನು ಬೆನ್ನಟ್ಟಿದ ದಾಂಡಿನ ಅಂಚಿಗೆ ಅದು ತಾಗಿದರೆ ಹಿಂದೆ ನಿಂತವರ ಕೈಗೆ ಕ್ಯಾಚು. ದಾಂಡಿಗನು ಮುಂದೆ ನುಗ್ಗಿ ತಪ್ಪಿದರೆ ವಿಕೆಟ್ ಕೀಪರನು ಸ್ಟಂಪಿನ ಮೇಲಿನ ಬೇಲುಗಳನ್ನು ಕೆಡವುವನು. ನಡುವೆ ಒಂದೆರಡು ಚೆಂಡುಗಳನ್ನು ತಿರುವಿಲ್ಲದೆ ನೆಟ್ಟಗೆ ಬಿಟ್ಟರೆ, ತಿರುವನ್ನೇ ನಿರೀಕ್ಷಿಸಿದವನು ಮೋಸಹೋಗುವನು. ವೇಗದ ಬೌಲರನಿಗೆ ದೇಹಬಲವು ಮುಖ್ಯ. ಸ್ಪಿನ್ನರನಿಗೆ ಬೇಕಾದದ್ದು ಒಂದೇ ಸ್ಥಳಕ್ಕೆ ನೂರು ಸಲ ಚೆಂಡನ್ನಿಡುವ ಕೈಯ ಹಿಡಿತ ಮತ್ತು ಹೊಡೆತ ತಿಂದರೂ ಧೈರ್ಯಗೆಡದ ಮನಸ್ಸು. ಇವೆರಡೂ ದಿನಗಳೆದಂತೆ ಬರುವ ಗುಣಗಳೇ ಹೊರತು ಒಂದು ಋತುವಿನಲ್ಲಿ ಬರುವಂಥವಲ್ಲ.

ನಮ್ಮ ದೇಶದಲ್ಲಿ ಕ್ರಿಕೆಟ್ಟಿನ ಮೆಟ್ಟಿಲುಗಳು ಹೇಗಿವೆಯೆಂಬುದನ್ನೂ ಹೇಳಬೇಕು. ಪ್ರಾಂತ ಪ್ರಾಂತಗಳ ನಡುವಿನ ರಣಜಿ ಟ್ರೋಫಿಯ ಪಂದ್ಯಗಳು ೧೯೩೪ರಲ್ಲಿ ಪ್ರಾರಂಭವಾದವು. ಅದರ ಮೊಟ್ಟಮೊದಲಿನ ಪಂದ್ಯವನ್ನು ಮದ್ರಾಸಿನಲ್ಲಿ ಆಡಿದವರಲ್ಲಿ ಮೈಸೂರು ತಂಡದವರೂ ಒಬ್ಬರು. ಆ ಮೈಸೂರೇ ಮುಂದೆ ಕರ್ನಾಟಕವೆಂಬ ಹೆಸರನ್ನು ಪಡೆದು, ೧೯೭೩-೭೪ರಲ್ಲಿ ಮುಂಬಯಿಯ ೧೫ ವರ್ಷಗಳ ಏಕಚಕ್ರಾಧಿಪತ್ಯವನ್ನು ಮುರಿದು ಟ್ರೋಫಿಯನ್ನು ಗೆದ್ದಿತು. ಶ್ರೀ ಪ್ರಸನ್ನ, ಶ್ರೀ ಚಂದ್ರಶೇಖರರಂಥ ಸ್ಪಿನ್ನರರು ಈ ತಂಡದವರು. ಹಲವು ದಿನ ನಡೆಯುವ ಇಂಥ ಪಂದ್ಯಗಳಿಗೆ ಪ್ರಥಮ ದರ್ಜೆಯ ಪಂದ್ಯಗಳೆಂದು ಹೆಸರು. ಇವುಗಳಲ್ಲಿ ಗಟ್ಟಿಯಾಗಿ ನಿಂತವರು ಮಾತ್ರ ದೇಶದ ಪರವಾಗಿ ಟೆಸ್ಟ್ ಪಂದ್ಯಗಳಿಗೆ ಕರೆಯನ್ನು ಪಡೆಯುವರು.

ಶ್ರೀ ಜೋಶಿಯವರು ಪ್ರಥಮ ದರ್ಜೆಯ ಮೆಟ್ಟಿಲನ್ನು ೧೯೯೨-೯೩ರಲ್ಲಿ ಹತ್ತಿದರು. ಮೂರು ವರ್ಷಗಳ ತರುವಾಯ, ೧೯೯೫-೯೬ರ ರಣಜಿ ಋತುವಿನಲ್ಲಿ, ಅವರು ೫೨ ವಿಕೆಟ್ಟುಗಳನ್ನು ಪಡೆದುದಲ್ಲದೆ ದಾಂಡು ಹಿಡಿದು ೫೨೯ ಓಟಗಳನ್ನೂ ಗಳಿಸಿದರು. ಒಂದೇ ಋತುವಿನಲ್ಲಿ ಐವತ್ತು ವಿಕೆಟ್ಟು ಪಡೆಯುವವರು ಉಂಟು. ಐದುನೂರು ಓಟ ಗಳಿಸುವವರೂ ಉಂಟು. ಒಬ್ಬನೇ ಎರಡನ್ನೂ ಸಾಧಿಸುವದು ಬಲು ಅಪರೂಪ. ಒಂದೇ ಹೊಲದಲ್ಲಿ ಒಂದೇ ಹಂಗಾಮಿಗೆ ಜೋಳವನ್ನೂ ಹತ್ತಿಯನ್ನೂ ಪೂರ್ಣ ಫಸಲಿಗೆ ತಂದಂತೆ ಇದು. ಆ ವರ್ಷ ಕರ್ನಾಟಕವು ರಣಜಿ ಟ್ರೋಫಿಯನ್ನು ಗೆದ್ದಿತು. ೧೯೯೭-೯೮ ಮತ್ತು ೧೯೯೮-೯೯ರಲ್ಲಿಯೂ ಗೆದ್ದು, ನಾಲ್ಕು ಋತುಗಳಲ್ಲಿ ಮೂರು ಸಲ ವಿಜಯವನ್ನು ಕಂಡಿತು.

ಈ ದುಡಿಮೆಯ ಫಲವಾಗಿ ೧೯೯೬ರ ಬೇಸಿಗೆಯಲ್ಲಿ ಇಂಗ್ಲಂಡಕ್ಕೆ ಹೋಗುವ ಭಾರತ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಿತು. ಬರ್ಮಿಂಗಹಾಮಿನ ಎಜ್‌ಬಾಸ್ಟನ್ ಮೈದಾನದಲ್ಲಿ ಮೊದಲನೆಯ ಟೆಸ್ಟ್ ಪಂದ್ಯವು ಜೂನ್ ೬ರಂದು ಪ್ರಾರಂಭವಾಯಿತು. ಅದು ಅವರ ೨೬ನೆಯ ಹುಟ್ಟುಹಬ್ಬದ ದಿನ. ಅಂದು ಭಾರತದ ಹನ್ನೊಂದು ಜನರಲ್ಲಿ ನಾಲ್ವರು ಕರ್ನಾಟಕದವರು: ಜಾವಗಲ್ ಶ್ರೀನಾಥ, ಅನಿಲ ಕುಂಬ್ಳೆ, ವೆಂಕಟೇಶ ಪ್ರಸಾದ ಮತ್ತು ನಮ್ಮ ಸುನೀಲ ಜೋಶಿ. ಪಂದ್ಯವನ್ನು ಇಂಗ್ಲಂಡದವರು ೮ ವಿಕೆಟ್ಟುಗಳಿಂದ ಗೆದ್ದರು. ಹುಟ್ಟುಹಬ್ಬದ ದಿನ ಟೆಸ್ಟ್ ಟೊಪ್ಪಿಗೆ ಧರಿಸಿದ ಸಂತೋಷದೊಡನೆ ಸೋಲಿನ ರುಚಿಯೂ ಅವರಿಗೆ ಮೊದಲನೆಯ ಪಂದ್ಯದಲ್ಲಿಯೇ ದೊರೆಯಿತು.

ಅವರ ಹೆಸರನ್ನು ಜಗತ್ತಿನ ಕ್ರಿಕೆಟ್ ಪುಸ್ತಕಗಳಲ್ಲಿ ನಿಲ್ಲಿಸಿದ ದಿನವು ೧೯೯೯ರ ಸಪ್ಟೆಂಬರ ೨೬. ಪೂರ್ವ ಆಫ್ರಿಕೆಯ ಕೀನ್ಯಾ ದೇಶದ ನೈರೋಬಿಯಲ್ಲಿ ಭಾರತ, ದಕ್ಷಿಣ ಆಫ್ರಿಕಾ, ಝಿಂಬಾಬ್ವೆ ಮತ್ತು ಕೀನ್ಯಾ ತಂಡಗಳ ನಡುವೆ ಏಕದಿನ ಪಂದ್ಯಗಳು ನಡೆದಿದ್ದವು. ದಕ್ಷಿಣ ಆಫ್ರಿಕಾ ತಂಡವು ಆಗ ಅತ್ಯಂತ ಪ್ರಬಲವಾದ ತಂಡಗಳಲ್ಲೊಂದು. ಅಂದು ಶ್ರೀ ಜೋಶಿಯವರ ಲೆಕ್ಕವನ್ನು ೧೦-೬-೬-೫ ಎಂದು ಬರೆಯುವರು. ಇದರ ಅರ್ಥವನ್ನು ಬಿಡಿಸಿ ಹೇಳುವೆವು. ಆರು ಎಸೆತಗಳಿಗೆ ಒಂದು ಓವರು. ಏಕದಿನ ಪಂದ್ಯದಲ್ಲಿ ಒಬ್ಬ ಬೌಲರನಿಗೆ ಹೆಚ್ಚೆಂದರೆ ೧೦ ಓವರು, ಅಂದರೆ ೬೦ ಎಸೆತಗಳು. ಅವುಗಳಲ್ಲಿ ೬ ಓವರುಗಳನ್ನು ಅವರು ಒಂದು ಓಟವನ್ನೂ ಕೊಡದೆ ಎಸೆದರು; ಇಂಥ ಓವರಿಗೆ ಮೇಡನ್ ಎಂಬ ಹೆಸರು. ಮಿಕ್ಕ ೪ ಓವರುಗಳಲ್ಲಿ ಅವರು ಕೊಟ್ಟ ಓಟಗಳು ಒಟ್ಟು ೬. ಕೆಡವಿದ ವಿಕೆಟ್ಟುಗಳು ೫. ಏಕದಿನ ಪಂದ್ಯದಲ್ಲಿ ದಾಂಡಿಗನು ಓಟಗಳಿಗಾಗಿ ಆತುರಪಡುವವನು. ಅಂಥಲ್ಲಿ ೬೦ ಎಸೆತಗಳಿಗೆ ೬ ಓಟವೆಂದರೆ ಪ್ರತಿ ಹತ್ತು ಎಸೆತಗಳಿಗೆ ಒಂದು ಓಟ ಬಿದ್ದಂತಾಯಿತು. ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕರಂಥ ಹೆಸರಾಂತ ಆಟಗಾರರು ಅವರಿಗೆ ವಿಕೆಟ್ಟು ಒಪ್ಪಿಸಿದರು. ದಕ್ಷಿಣ ಆಫ್ರಿಕಾ ೧೧೭ ಓಟಗಳಿಗೆ ಕುಸಿಯಿತು. ಭಾರತವು ೮ ವಿಕೆಟ್ಟುಗಳಿಂದ ಗೆದ್ದಿತು. ಆದರೆ ಆ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ಅದೇ ದಕ್ಷಿಣ ಆಫ್ರಿಕಾದವರು ಭಾರತದ ಮೇಲೆ ಗೆದ್ದರೆಂಬುದನ್ನೂ ಮರೆಯಬಾರದು. ಒಂದು ದಿನದ ಕೀರ್ತಿಯು ಮರುದಿನದ ಕೆಲಸವನ್ನು ಮಾಡಿಕೊಡುವದಿಲ್ಲ.

ಎರಡನೆಯ ದೊಡ್ಡ ದಿನವು ಢಾಕಾ ನಗರದಲ್ಲಿ ಬಂದಿತು. ಬಾಂಗ್ಲಾದೇಶವು ತನ್ನ ಮೊಟ್ಟಮೊದಲಿನ ಟೆಸ್ಟ್ ಪಂದ್ಯವನ್ನು ೨೦೦೦ದ ನವೆಂಬರಿನಲ್ಲಿ ಭಾರತದೊಡನೆ ಆಡಿತು. ಹೊಸ ತಂಡವೆಂದು ಹಗುರಾಗಿ ಎಣಿಸಿದವರಿಗೆ ಅಚ್ಚರಿಯಾಗುವಂತೆ ಅದು ಮೊದಲನೆಯ ಪಾಳಿಯಲ್ಲಿ ೪೦೦ ಓಟಗಳನ್ನು ಗಳಿಸಿತು. ಶ್ರೀ ಜೋಶಿಯವರು ೧೪೨ ಓಟ ಕೊಟ್ಟು ೫ ವಿಕೆಟ್ಟುಗಳನ್ನು ಪಡೆದರು. ಬಳಿಕ ಭಾರತದ ಪಾಳಿಯು ತಡವರಿಸಿದಾಗ, ಆ ಪಂದ್ಯದಲ್ಲಿಯೇ ಮೊದಲ ಬಾರಿಗೆ ಟೆಸ್ಟ್ ನಾಯಕತ್ವ ವಹಿಸಿದ್ದ ಸೌರವ ಗಂಗೂಲಿಯವರ ಜೊತೆಗೂಡಿ ಅವರು ದಾಂಡು ಹಿಡಿದು ನಿಂತು ೯೨ ಓಟಗಳನ್ನು ಗಳಿಸಿದರು. ಭಾರತದ ಮೊತ್ತವು ೪೨೯ಕ್ಕೆ ಏರಿತು. ಮೇಲುಗೈಯು ಬರೇ ೨೯ ಓಟಗಳದು. ಆ ೯೨ ಇಲ್ಲದಿದ್ದರೆ ಲೆಕ್ಕವು ಏನಾಗುತ್ತಿತ್ತೆಂಬುದನ್ನು ಶಾಲೆಯ ಸಣ್ಣ ಹುಡುಗಿಯೂ ಹೇಳಬಲ್ಲಳು. ಎರಡನೆಯ ಪಾಳಿಯಲ್ಲಿ ಬಾಂಗ್ಲಾದೇಶವು ೯೧ಕ್ಕೆ ಕುಸಿದಾಗ ಶ್ರೀ ಜೋಶಿಯವರು ಮತ್ತೆ ೨೭ ಓಟಗಳಿಗೆ ೩ ವಿಕೆಟ್ಟುಗಳನ್ನು ಪಡೆದರು. ಭಾರತವು ೯ ವಿಕೆಟ್ಟುಗಳಿಂದ ಗೆದ್ದಿತು. ಪಂದ್ಯಶ್ರೇಷ್ಠರೆಂಬ ಮನ್ನಣೆಯು ಅವರ ಪಾಲಿಗೆ ಬಂದಿತು. ನೂರಕ್ಕೆ ಎಂಟು ಓಟ ಕಡಿಮೆಯಾದ ಆ ೯೨ ಅವರ ಟೆಸ್ಟ್ ಜೀವನದ ಅತ್ಯಧಿಕ ಮೊತ್ತವಾಗಿ ಉಳಿಯಿತು.

ಇಷ್ಟೆಲ್ಲ ಆದ ಮೇಲೆ ಅವರ ಸ್ಥಾನವು ಭದ್ರವಾಗಿರಬೇಕೆಂದು ವಾಚಕರು ಎಣಿಸುವದು ಸಹಜ. ಆದರೆ ಆದದ್ದು ಬೇರೆ. ಢಾಕಾದ ತರುವಾಯ ಅದೇ ತಿಂಗಳು ಝಿಂಬಾಬ್ವೆಯ ಮೇಲೆ ಆಡಿದ ಪಂದ್ಯಗಳೊಡನೆ ಅವರ ಟೆಸ್ಟ್ ಜೀವನವು ಮುಗಿಯಿತು. ೨೦೦೧ರಲ್ಲಿ ಏಕದಿನ ಪಂದ್ಯಗಳೂ ಮುಗಿದವು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹನ್ನೊಂದು ಜನರ ತಂಡದಲ್ಲಿ ಸ್ಪಿನ್ನರರಿಗೆ ಒಂದೆರಡು ಸ್ಥಾನಗಳು ಮಾತ್ರ. ಅವುಗಳಲ್ಲಿ ಒಂದು ಸ್ಥಾನವು ಶ್ರೀ ಕುಂಬ್ಳೆಯವರದಾಗಿತ್ತು. ಉಳಿದ ಸ್ಥಾನಕ್ಕೆ ಹೈದರಾಬಾದಿನ ವೆಂಕಟಪತಿ ರಾಜು ಮೊದಲ್ಗೊಂಡು ಎಳೆಯರಾದ ಮುರಳಿ ಕಾರ್ತಿಕರವರೆಗೆ ಹಲವು ಪ್ರತಿಸ್ಪರ್ಧಿಗಳು. ೨೦೦೧ರ ಮಾರ್ಚಿನಲ್ಲಿ ಹರಭಜನ ಸಿಂಗರು ಆಸ್ಟ್ರೇಲಿಯದ ಮೇಲೆ ಮೂರು ಟೆಸ್ಟುಗಳಲ್ಲಿ ೩೨ ವಿಕೆಟ್ಟುಗಳನ್ನು ಪಡೆದ ಮೇಲೆ ಆ ಸ್ಥಾನವೂ ತುಂಬಿಹೋಯಿತು. ತನ್ನ ತಪ್ಪಿಲ್ಲದೆಯೂ ಮನುಷ್ಯನಿಗೆ ಬಾಗಿಲು ಮುಚ್ಚುವದುಂಟು. ಆಗ ಶ್ರೀ ಜೋಶಿಯವರಿಗೆ ೩೦ ವರ್ಷ.

ಅವರ ಜೀವನದಲ್ಲಿ ನಮಗೆ ಅತ್ಯಂತ ಹಿರಿದಾಗಿ ಕಾಣುವ ಭಾಗವು ಇಲ್ಲಿಂದ ಮುಂದಿನದು. ದೇಶದ ತಂಡದಿಂದ ಕರೆ ಬರಲಿಲ್ಲವೆಂದು ಅವರು ಚೆಂಡನ್ನು ಕೆಳಗಿಡಲಿಲ್ಲ. ಬೆರಳೆಣಿಕೆಯ ಜನರು ನೋಡುವ ರಣಜಿ ಪಂದ್ಯಗಳಲ್ಲಿ, ದಿನವಿಡೀ ಬಿಸಿಲಿನಲ್ಲಿ, ಇನ್ನೂ ಹತ್ತು ವರ್ಷ ಕರ್ನಾಟಕಕ್ಕಾಗಿ ದುಡಿದರು. ಅವರು ಆಟದಿಂದ ನಿವೃತ್ತರಾದುದನ್ನು ಸಾರಿದ್ದು ೨೦೧೨ರಲ್ಲಿ. ಆ ಹೊತ್ತಿಗೆ ಅವರ ಪ್ರಥಮ ದರ್ಜೆಯ ಲೆಕ್ಕವು ಹೀಗಿತ್ತು: ೧೬೦ ಪಂದ್ಯಗಳು, ೬೧೫ ವಿಕೆಟ್ಟುಗಳು, ೫೧೨೯ ಓಟಗಳು. ಇವುಗಳಲ್ಲಿ ಟೆಸ್ಟ್ ಪಂದ್ಯಗಳ ವಿಕೆಟ್ಟುಗಳು ೪೧. ಎಂದರೆ ಜಗತ್ತು ಕಂಡ ಒಂದೊಂದು ಟೆಸ್ಟ್ ವಿಕೆಟ್ಟಿನ ಹಿಂದೆ ಜಗತ್ತು ಕಾಣದ ಹದಿನಾಲ್ಕು ವಿಕೆಟ್ಟುಗಳಿವೆ. ಗದುಗಿನ ಬಾಲಕನು ಹುಬ್ಬಳ್ಳಿಯ ದಾರಿಯಲ್ಲಿ ಕಲಿತ ನಿಯಮವೇ ಈ ಲೆಕ್ಕವನ್ನು ಬರೆಯಿಸಿತೆಂದು ನಮ್ಮ ಭಾವನೆ. ಫಲವು ಎದುರಿಗೆ ಕಾಣದಿದ್ದಾಗಲೂ ಏಳಬೇಕಾದ ಹೊತ್ತಿಗೆ ಏಳುವ ನಿಯಮವದು.

ಆಡುವದನ್ನು ಬಿಟ್ಟ ಮೇಲೆ ಅವರು ಕಲಿಸುವದಕ್ಕೆ ತೊಡಗಿದರು. ಜಮ್ಮು-ಕಾಶ್ಮೀರ ತಂಡಕ್ಕೆ ಅವರು ತರಬೇತುದಾರರಾಗಿದ್ದಾಗ, ೨೦೧೪ರ ಡಿಸೆಂಬರದಲ್ಲಿ, ಆ ತಂಡವು ನಾಲ್ವತ್ತು ಸಲ ರಣಜಿ ಟ್ರೋಫಿ ಗೆದ್ದ ಮುಂಬಯಿಯನ್ನು ಅದರ ಮನೆಯಂಗಳವಾದ ವಾಂಖೇಡೆ ಮೈದಾನದಲ್ಲಿಯೇ ಸೋಲಿಸಿತು. ೨೦೧೭ರಿಂದ ೨೦೧೯ರ ವರೆಗೆ ಅವರು ಬಾಂಗ್ಲಾದೇಶದ ಸ್ಪಿನ್ನರರಿಗೆ ಗುರುಗಳಾದರು. ಯಾರ ಮೊದಲನೆಯ ಟೆಸ್ಟಿನಲ್ಲಿ ಎದುರಾಳಿಯಾಗಿ ನಿಂತಿದ್ದರೋ ಅವರಿಗೇ ತಮ್ಮ ವಿದ್ಯೆಯನ್ನು ಧಾರೆಯೆರೆದರು. ೨೦೨೦ರ ಮಾರ್ಚಿನಲ್ಲಿ ಭಾರತ ತಂಡದ ಆಯ್ಕೆ ಮಂಡಳಿಗೆ ಅಧ್ಯಕ್ಷರಾದರು. ಅದೇ ವರ್ಷದ ಕೊನೆಯವರೆಗೆ ಆ ಸ್ಥಾನದಲ್ಲಿದ್ದು, ಆ ಮೇಲೆ ೨೦೨೨ರ ವರೆಗೆ ಮಂಡಳಿಯ ಸದಸ್ಯರಾಗಿದ್ದರು. ಅವರ ಅಧ್ಯಕ್ಷತೆಯಲ್ಲಿ ಆರಿಸಿ ಕಳಿಸಿದ ತಂಡವು ಆಸ್ಟ್ರೇಲಿಯದಲ್ಲಿ ೨೦೨೧ರ ಜನವರಿಯಲ್ಲಿ ಟೆಸ್ಟ್ ಸರಣಿಯನ್ನು ೨-೧ರಿಂದ ಗೆದ್ದು ಬಂದಿತು. ಸ್ಥಾನ ಸಿಗದೆ ಹೊರಗೆ ನಿಲ್ಲುವವರ ನೋವನ್ನು ಬಲ್ಲವರೊಬ್ಬರು ಸ್ಥಾನ ಕೊಡುವ ಪೀಠದಲ್ಲಿ ಕುಳಿತದ್ದು ಯೋಗ್ಯವೇ ಸರಿ.

ಈಗ ನಮ್ಮ ಹೆಣ್ಣುಮಕ್ಕಳ ಕಡೆಗೆ ತಿರುಗುವೆವು. ಕತ್ತಲಲ್ಲೆದ್ದು ಹುಬ್ಬಳ್ಳಿಗೆ ಹೋಗಿಬರುವ ಗಂಡುಮಗನನ್ನು ಕಂಡು ಓಣಿಯವರು ಮೆಚ್ಚಿದರೆ, ಅದೇ ಕೆಲಸವನ್ನು ಹೆಣ್ಣುಮಗಳು ಮಾಡಹೊರಟಾಗ ‘ಸಂಗಡ ಯಾರು ಹೋಗುವರು?’ ಎಂಬ ಪ್ರಶ್ನೆಯು ಮೊದಲು ಏಳುವದು. ಈ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ತಾಯಿತಂದೆಗಳ ಚಿಂತೆಯು ನಿಜವಾದದ್ದು. ಆದರೆ ಆ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಮನೆಗಳು ಇದೇ ಕರ್ನಾಟಕದಲ್ಲಿವೆ. ೧೯೭೬ರಲ್ಲಿ ಭಾರತದ ಮಹಿಳೆಯರು ಮೊದಲನೆಯ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಬೆಂಗಳೂರಿನ ಶ್ರೀಮತಿ ಶಾಂತಾ ರಂಗಸ್ವಾಮಿಯವರು. ನಮಗೆ ಇನ್ನೂ ಸಮೀಪದವರೆಂದರೆ ವಿಜಯಪುರದ ಕುಮಾರಿ ರಾಜೇಶ್ವರಿ ಗಾಯಕವಾಡರು. ಇವರೂ ಶ್ರೀ ಜೋಶಿಯವರಂತೆ ಎಡಗೈ ಸ್ಪಿನ್ನರರು. ೨೦೧೭ರ ಜುಲೈ ೧೫ರಂದು ಇಂಗ್ಲಂಡದ ಡರ್ಬಿಯಲ್ಲಿ, ವಿಶ್ವಕಪ್ಪಿನ ಪಂದ್ಯದಲ್ಲಿ, ೧೫ ಓಟಗಳಿಗೆ ೫ ವಿಕೆಟ್ಟುಗಳನ್ನು ಪಡೆದು ನ್ಯೂಝಿಲಂಡವನ್ನು ೭೯ಕ್ಕೆ ಕೆಡವಿದರು. ಅದೇ ಪಂದ್ಯದಲ್ಲಿ ಕಡೂರಿನ ಕುಮಾರಿ ವೇದಾ ಕೃಷ್ಣಮೂರ್ತಿಯವರು ೪೫ ಎಸೆತಗಳಲ್ಲಿ ೭೦ ಓಟಗಳನ್ನು ಗಳಿಸಿದ್ದರು. ಭಾರತದ ಮಹಿಳೆಯರು ೨೦೧೭ರ ಅಂತಿಮ ಪಂದ್ಯವನ್ನು ೯ ಓಟಗಳಿಂದ ಸೋತರು. ೨೦೨೫ರ ನವೆಂಬರ ೨ರಂದು ವಿಶ್ವಕಪ್ಪನ್ನು ಗೆದ್ದೇ ಬಿಟ್ಟರು. ವಿಜಯಪುರವೂ ಕಡೂರೂ ಮಹಾನಗರಗಳಲ್ಲವೆಂಬುದನ್ನು ನಮ್ಮ ವಾಚಕರು ಲಕ್ಷ್ಯದಲ್ಲಿಡಬೇಕು.

ಆಡುವ ಮಕ್ಕಳೆಲ್ಲರೂ ದೇಶದ ತಂಡವನ್ನು ಸೇರುವರೆಂದು ನಾವು ಹೇಳುವದಿಲ್ಲ. ಸಾವಿರದಲ್ಲಿ ಒಬ್ಬರೂ ಸೇರಲಾರರು. ಸೇರಿದವರ ಪಾಲಿಗೂ ಆ ಭಾಗ್ಯವು ನಾಲ್ಕಾರು ವರ್ಷದ್ದೆಂಬುದನ್ನು ಶ್ರೀ ಜೋಶಿಯವರ ಜೀವನವೇ ತೋರಿಸುತ್ತದೆ. ಆದುದರಿಂದ ಮಗಳು ಆಟಕ್ಕಾಗಲಿ, ಸಂಗೀತಕ್ಕಾಗಲಿ, ವಿಜ್ಞಾನಕ್ಕಾಗಲಿ ಬೆಳಗಿನ ಜಾವದಲ್ಲಿ ಏಳುತ್ತೇನೆಂದಾಗ ‘ಇದರಿಂದ ಹೆಸರು ಬರುವದೋ?’ ಎಂದು ಕೇಳುವದಕ್ಕಿಂತ ‘ಹೆಸರು ಬರದಿದ್ದರೂ ಇದನ್ನು ಪ್ರೀತಿಯಿಂದ ಮಾಡುವೆಯಾ?’ ಎಂದು ಕೇಳುವದು ಮೇಲು. ಹೌದೆಂದು ಅವಳು ಹೇಳಿದರೆ, ಸಂಗಡ ಹೋಗುವ ಏರ್ಪಾಡನ್ನು ಮಾಡುವದು ನಮ್ಮ ನಿಮ್ಮ ಕೆಲಸ. ಒಂದು ಮನೆಗೆ ಸಾಧ್ಯವಾಗದ್ದು ನಾಲ್ಕು ಮನೆಗಳು ಕೂಡಿದರೆ ಸಾಧ್ಯ. ಒಬ್ಬ ಹುಡುಗಿಗೆ ಕಠಿಣವಾದ ದಾರಿಯು ನಾಲ್ವರು ಗೆಳತಿಯರಿಗೆ ಸುಲಭ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನರು ಇಂದು ಸ್ವತಃ ತಾಯಂದಿರಾಗಿ, ಶಿಕ್ಷಕಿಯರಾಗಿ ಈ ನಾಲ್ಕೂ ಊರುಗಳಲ್ಲಿ ನೆಲೆಸಿದ್ದಾರೆ. ಇಂಥ ಏರ್ಪಾಡಿಗೆ ಅವರು ಕೈಗೂಡಿಸಿದರೆ ನಮ್ಮ ಸೀಮೆಯ ಮುಂದಿನ ಹೆಸರು ಯಾವ ಓಣಿಯಿಂದ, ಯಾವ ವಿದ್ಯೆಯಿಂದ ಬಂದರೂ ಅದರಲ್ಲಿ ಅವರ ಪಾಲೂ ಇರುವದು.